ಸೌದಿಗೆ ಹೋದವನನ್ನು ಬೈಯುವ ಮುಂಚೆ, ಅವನನ್ನು ಬೆಳೆಸಿದ ಕ್ಲಬ್ಬಿಗೆ ಏನು ಸಿಕ್ಕಿತು ಅಂತ ಕೇಳಿ

ಯುರೋಪಿನ ಹೆಸರಾಂತ ಆಟಗಾರನೊಬ್ಬ ಸೌದಿ ಕ್ಲಬ್ಬಿಗೆ ಸಹಿ ಹಾಕಿದ ಸುದ್ದಿ ಬಂದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಫುಟ್‌ಬಾಲ್ ನೋಡುವವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ರಾಗ. ದುಡ್ಡಿಗೆ ಮಾರಿಕೊಂಡ, ಆಟದ ಮೇಲೆ ಪ್ರೀತಿ ಇಲ್ಲ, ಬೆಳೆಸಿದವರನ್ನು ಮರೆತ. ಮೊದಲಿನ ಎರಡು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮೂರನೆಯದರಲ್ಲಿ ಸತ್ಯ ಇದೆ. ಆದರೆ ಆ ತಪ್ಪನ್ನು ಆಟಗಾರನೊಬ್ಬನ ತಲೆಗೆ ಕಟ್ಟುವಂತಿಲ್ಲ. ನಿಯಮದಲ್ಲಿ ಅದರ ಪಾಲಿದೆ, ನಮ್ಮ ಊರಿನ ಕ್ಲಬ್ಬುಗಳ ಕಡತದಲ್ಲೂ ಇದೆ.

ಅನ್ನ ಹುಡುಕಿಕೊಂಡು ಊರು ಬಿಡುವುದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸದೇ? ಭಟ್ಕಳ, ಮುರ್ಡೇಶ್ವರದ ಎಷ್ಟೋ ಮನೆ ಎದ್ದು ನಿಂತಿದ್ದು ದುಬೈ, ಸೌದಿಯ ಸಂಬಳದಲ್ಲಿ. ಕಾರವಾರ, ಅಂಕೋಲೆಯ ಹುಡುಗರು ಹಡಗಿನ ಕೆಲಸಕ್ಕೆ, ಗೋವಾದ ಕಂಪನಿಗಳಿಗೆ ಹೋಗುತ್ತಾರೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಅಪ್ಪ-ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ನಮ್ಮ ಬಂದರಿನ ದೋಣಿಗಳಲ್ಲಿ ಬಲೆ ಎಳೆಯುವ ಎಷ್ಟೋ ಜನ ಒಡಿಶಾ, ಜಾರ್ಖಂಡದಿಂದ ಬಂದವರು. ಇವರಲ್ಲಿ ಯಾರನ್ನೂ ನಾವು ಆಸೆಬುರುಕ ಅನ್ನುವುದಿಲ್ಲ. ಸಾಫ್ಟ್‌ವೇರ್ ಹುಡುಗ ಸಂಬಳ ಜಾಸ್ತಿ ಅಂತ ಕಂಪನಿ ಬದಲಿಸಿದರೆ ಜಾಣ, ಫುಟ್‌ಬಾಲ್ ಹುಡುಗ ಕ್ಲಬ್ ಬದಲಿಸಿದರೆ ದ್ರೋಹಿ. ಈ ನ್ಯಾಯ ನನಗೆ ಅರ್ಥವಾಗುವುದಿಲ್ಲ.

ಅದೂ ಅಲ್ಲದೆ ಇವನಿಗೆ ಸಿಗುವ ಸಮಯವೇ ಕಡಿಮೆ. ಹದಿನೆಂಟಕ್ಕೆ ಶುರು, ಮೂವತ್ತನಾಲ್ಕು ಮೂವತ್ತೈದಕ್ಕೆ ಹೆಚ್ಚಿನವರ ಕಾಲು ಸೋಲುತ್ತದೆ. ಮೊಣಕಾಲಿನ ಲಿಗಮೆಂಟ್ ಹರಿದರೆ ಅದರಲ್ಲೂ ಒಂದು ವರ್ಷ ಹೋಯಿತು. ನೇಮಾರ್ 2023ರ ಆಗಸ್ಟ್‌ನಲ್ಲಿ ಅಲ್ ಹಿಲಾಲ್ ಸೇರಿದರು, ಅಕ್ಟೋಬರ್‌ನಲ್ಲಿ ಬ್ರೆಜಿಲ್ ಪರ ಉರುಗ್ವೆ ವಿರುದ್ಧ ಆಡುವಾಗ ಎಡ ಮೊಣಕಾಲು ಹೋಯಿತು, 2025ರ ಜನವರಿಯಲ್ಲಿ ಕ್ಲಬ್ ಬಿಟ್ಟಾಗ ಆಡಿದ್ದು ಬರೀ ಏಳು ಪಂದ್ಯ. ಗಾಳಿ ಬಂದಾಗ ತೂರಿಕೋ ಅನ್ನುವ ಮಾತು ಈ ಕಸುಬಿಗೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದದು. ಬ್ರೆಜಿಲ್‌ನ ಆಸ್ಕರ್ 25ನೇ ವಯಸ್ಸಿನಲ್ಲಿ, 2017ರ ಜನವರಿಯಲ್ಲಿ, ಚೆಲ್ಸಿ ಬಿಟ್ಟು ಶಾಂಘೈಗೆ ಹೋದಾಗ ಜಗತ್ತೇ ಉಗಿಯಿತು. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಏಳು ಗೋಲು ಹೊಡೆದ ದಿನ ಬ್ರೆಜಿಲ್‌ನ ಒಂದೇ ಒಂದು ಗೋಲು ಹೊಡೆದವರು ಅವರೇ. ಶಾಂಘೈಗೆ ಹೋದ ಮೇಲೆ ದೇಶದ ಅಂಗಿ ಸಿಗಲೇ ಇಲ್ಲ. ಆ ಬೆಲೆ ಕೊಟ್ಟವರು ಅವರು, ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕೂ ಅವರದ್ದೇ.

ಭಾರತದ ಮಟ್ಟಿಗಂತೂ ಈ ಬೈಗುಳ ಪೂರ್ತಿ ತಲೆಕೆಳಗು. ನಮ್ಮ ಆಟಗಾರರಿಗೆ ದುಡ್ಡು ಇರುವುದು ಮನೆಯಲ್ಲೇ. ದೇಶದ ಮುಖ್ಯ ಲೀಗ್ ಆದ ಐಎಸ್‌ಎಲ್‌ನ ಒಳ್ಳೆಯ ಆಟಗಾರನಿಗೆ ಇಲ್ಲಿ ಸಿಗುವಷ್ಟು ಸಂಬಳವನ್ನು ಯುರೋಪಿನ ಸಣ್ಣ ಲೀಗಿನ ಕ್ಲಬ್ ಕೊಡುವುದು ಕಷ್ಟ. ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್‌ಗೆ ಹೋಗಿ ಎಷ್ಟೋ ಕಾಲ ಬೆಂಚಿನ ಮೇಲೆ ಕೂತು, 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯ ಆಡಿದರು. ಸಂದೇಶ್ ಝಿಂಗನ್ 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್‌ಗೆ ಹೋಗಿ, ಗಾಯವಾಗಿ, ಒಂದೂ ಪಂದ್ಯ ಆಡದೆ ವಾಪಸಾದರು. ಇಂಥವರ ಬಗ್ಗೆ ದುಡ್ಡಿನಾಸೆ ಅನ್ನುವ ಮಾತೇ ಬರುವಂತಿಲ್ಲ. ಇಲ್ಲಿರುವ ಸಂಬಳವಾದರೂ ಗಟ್ಟಿಯೇ? 2025ರ ಜುಲೈನಲ್ಲಿ ಐಎಸ್‌ಎಲ್ ಸಂಘಟಕರು ಮುಂದಿನ ಸೀಸನ್ನನ್ನೇ ತಡೆಹಿಡಿದರು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಹಾಗಿರುವಾಗ ಬೇರೆ ಕಡೆ ಹೋಗುತ್ತೇನೆ ಅನ್ನುವವನನ್ನು ತಡೆಯುವ ಮುಖ ಯಾರಿಗಿದೆ?

ಹಾಗಂತ ಎಲ್ಲವೂ ಸರಿ ಅನ್ನುತ್ತಿಲ್ಲ. ಸಂಬಳಕ್ಕೆ ಹೋಗುವುದು ಬೇರೆ, ತಾನೇ ಆಡಿದ ಮಾತನ್ನು ದಾಟಿ ಹೋಗುವುದು ಬೇರೆ. ಲಿವರ್‌ಪೂಲ್ ನಾಯಕನಾಗಿದ್ದ ಜೋರ್ಡನ್ ಹೆಂಡರ್ಸನ್ ಸಲಿಂಗಿಗಳ ಪರವಾಗಿ ತೋಳಿಗೆ ಕಾಮನಬಿಲ್ಲಿನ ಪಟ್ಟಿ ಕಟ್ಟಿ ಆಡಿದವರು, ಆ ಜನರಿಗೆ ಧೈರ್ಯ ಕೊಟ್ಟವರು. 2023ರಲ್ಲಿ ಅವರು ಅಂಥ ಸಂಬಂಧವೇ ಅಪರಾಧವಾಗಿರುವ ಸೌದಿಯ ಅಲ್ ಇತ್ತಿಫಾಕ್‌ಗೆ ಹೋದರು. ಅವರನ್ನು ಬರಮಾಡಿಕೊಳ್ಳುವ ವಿಡಿಯೊದಲ್ಲಿ ಕ್ಲಬ್ಬು ಆ ಪಟ್ಟಿಯ ಬಣ್ಣ ತೆಗೆದು ಬೂದು ಮಾಡಿತ್ತು. ವೆಂಬ್ಲಿಯಲ್ಲಿ ಇಂಗ್ಲೆಂಡಿನ ಪ್ರೇಕ್ಷಕರೇ ಕೆಲವರು ಅವರನ್ನು ಗೇಲಿ ಮಾಡಿದರು, ಆರು ತಿಂಗಳಲ್ಲಿ ಅವರು ಅಯಾಕ್ಸ್‌ಗೆ ಹೊರಟರು. ಇಲ್ಲಿ ನೊಂದವರ ಸಿಟ್ಟು ನ್ಯಾಯವಾದದ್ದು. ಅವರು ಕೇಳಿದ್ದು ಸಂಬಳದ ಲೆಕ್ಕವನ್ನಲ್ಲ, ಕೊಟ್ಟ ಮಾತನ್ನು.

ಕರಾರು ಮುರಿಯುವುದೂ ತಪ್ಪೇ. ಯಕ್ಷಗಾನದಲ್ಲಿ ನಮಗೆ ಇದು ಗೊತ್ತು: ತಿರುಗಾಟ ಮುಗಿಸಿ ಕಲಾವಿದ ಮೇಳ ಬದಲಿಸಿದರೆ ಯಾರೂ ಏನೂ ಅನ್ನುವುದಿಲ್ಲ, ನಡು ತಿರುಗಾಟದಲ್ಲಿ ಬಿಟ್ಟು ಹೋದರೆ ಇಡೀ ಮೇಳಕ್ಕೆ ತೊಂದರೆ. ಫಿಫಾ ನಿಯಮವೂ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತದೆ. 28 ತುಂಬುವ ಮೊದಲು ಮಾಡಿಕೊಂಡ ಕರಾರಿಗೆ ಮೊದಲ ಮೂರು ಸೀಸನ್, ಆಮೇಲಿನದ್ದಕ್ಕೆ ಎರಡು ಸೀಸನ್ ಸಂರಕ್ಷಿತ ಅವಧಿ. ಅದರೊಳಗೆ ಕಾರಣವಿಲ್ಲದೆ ಬಿಟ್ಟು ಹೋದರೆ ನಾಲ್ಕು ತಿಂಗಳು ಆಡುವಂತಿಲ್ಲ, ಮೇಲೆ ಪರಿಹಾರ. ಪರಿಹಾರದ ಲೆಕ್ಕ ಹಾಕುವ ರೀತಿಯೇ ಅತಿಯಾಯಿತು ಎಂದು ಫ್ರಾನ್ಸಿನ ಆಟಗಾರ ಲಸ್ಸಾನಾ ಡಿಯಾರಾ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2024ರ ಅಕ್ಟೋಬರ್ 4ರಂದು ಹೇಳಿತು, ಅದು ಸರಿಯಾದ ತೀರ್ಪು. ಆದರೆ ನಡುವೆ ಬಿಟ್ಟು ಓಡಬಾರದು ಅನ್ನುವ ಮೂಲ ಮಾತು ಉಳಿದೇ ಇದೆ.

ಈಗ ಬೆಳೆಸಿದವರ ವಿಷಯ. ಒಬ್ಬ ಆಟಗಾರ ಕರಾರು ಬಾಕಿ ಇರುವಾಗ ಹಣ ಕೊಟ್ಟು ಬೇರೆ ದೇಶದ ಕ್ಲಬ್ಬಿಗೆ ವರ್ಗವಾದರೆ, ಆ ವರ್ಗಾವಣೆ ಮೊತ್ತದ ಶೇಕಡಾ 5 ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹೋಗಬೇಕು. ಇದಕ್ಕೆ ಸಾಲಿಡಾರಿಟಿ ಹಣ ಅನ್ನುತ್ತಾರೆ. 12, 13, 14, 15ನೇ ಹುಟ್ಟುಹಬ್ಬ ಬರುವ ನಾಲ್ಕು ಕ್ಯಾಲೆಂಡರ್ ವರ್ಷಗಳಿಗೆ ತಲಾ ಶೇ. 0.25. 16ರಿಂದ 23ರವರೆಗಿನ ಎಂಟು ವರ್ಷಗಳಿಗೆ ತಲಾ ಶೇ. 0.5. ಅರ್ಧ ವರ್ಷ ಆಡಿದ್ದರೆ ಅರ್ಧ. ಒಬ್ಬ ಹುಡುಗ 12ರಿಂದ 15ರವರೆಗೆ ಕಾರವಾರದ ಕ್ಲಬ್ಬಿನಲ್ಲಿ, ಆಮೇಲೆ ಗೋವಾದಲ್ಲಿ, ಕೊನೆಗೆ 24ಕ್ಕೆ ಐದು ಲಕ್ಷ ಯೂರೋಗೆ ವಿದೇಶಕ್ಕೆ ಹೋದ ಎಂದುಕೊಳ್ಳಿ. ಕಾರವಾರದ ಕ್ಲಬ್ಬಿನ ಪಾಲು ಶೇ. 1, ಅಂದರೆ 5,000 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೂ ಐದು ಲಕ್ಷ. ಮಳೆಗಾಲ ಮುಗಿದ ಮೇಲೆ ಮೈದಾನ ಸರಿ ಮಾಡಿಸಲು ಊರೆಲ್ಲ ಪಟ್ಟಿ ಎತ್ತುವ ಕ್ಲಬ್ಬಿಗೆ ಇದು ಸಣ್ಣ ಮೊತ್ತವಲ್ಲ.

ಇನ್ನೊಂದು ತರಬೇತಿ ಪರಿಹಾರ. ಆಟಗಾರ ಮೊದಲ ಸಲ ವೃತ್ತಿಪರನಾಗಿ ನೋಂದಣಿಯಾದಾಗ, ಮತ್ತು 23ನೇ ಹುಟ್ಟುಹಬ್ಬದ ಕ್ಯಾಲೆಂಡರ್ ವರ್ಷ ಮುಗಿಯುವವರೆಗಿನ ಪ್ರತಿ ವರ್ಗಾವಣೆಯಲ್ಲಿ, ಹೊಸ ಕ್ಲಬ್ ಇದನ್ನು ಕಟ್ಟಬೇಕು. ಯುರೋಪಿನ ಕ್ಲಬ್ ಆದರೆ 12ರಿಂದ 15ರವರೆಗಿನ ಅವಧಿಗೆ ವರ್ಷಕ್ಕೆ 10,000 ಯೂರೋ ಲೆಕ್ಕ. ಆದರೆ ಮೊದಲ ನೋಂದಣಿಯಲ್ಲಿ ಮಾತ್ರ ಹಿಂದಿನ ಎಲ್ಲ ಕ್ಲಬ್ಬುಗಳಿಗೂ ಪಾಲು, ಆಮೇಲೆ ಕೊನೆಯ ಕ್ಲಬ್ಬಿಗಷ್ಟೇ. ನಮ್ಮ ಹುಡುಗರು ಮೊದಲ ವೃತ್ತಿಪರ ಕರಾರನ್ನು ಸಾಮಾನ್ಯವಾಗಿ ಭಾರತದಲ್ಲೇ ಮಾಡಿಕೊಳ್ಳುವುದರಿಂದ ಊರಿನ ಕ್ಲಬ್ಬಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಉಳಿಯುವುದು ಸಾಲಿಡಾರಿಟಿ ಹಣ.

ನನ್ನ ಸಿಟ್ಟು ಇರುವುದು ಇಲ್ಲೇ. ಈ ಶೇ. 5 ವರ್ಗಾವಣೆ ಮೊತ್ತದ ಮೇಲೆ. ಮೊತ್ತವೇ ಇಲ್ಲದಿದ್ದರೆ? ಯುರೋಪಿನ ನ್ಯಾಯಾಲಯ ಕೊಟ್ಟ 1995ರ ಡಿಸೆಂಬರ್‌ನ ಬೊಸ್ಮನ್ ತೀರ್ಪಿನ ನಂತರ ಕರಾರು ಮುಗಿದ ಆಟಗಾರ ಬಿಟ್ಟಿಯಾಗಿ ಹೋಗಬಹುದು. ಆಟಗಾರನಿಗೆ ಅದು ಬಿಡುಗಡೆ, ನಾನು ಅದರ ಪರವೇ. ಆದರೆ ಹೊಸ ಕ್ಲಬ್ಬಿಗೆ ಉಳಿತಾಯವಾದ ವರ್ಗಾವಣೆ ಹಣ ಸಹಿ ಮಾಡಿದ ಬೋನಸ್ಸಿನ ರೂಪದಲ್ಲಿ ಆಟಗಾರನಿಗೆ, ಏಜೆಂಟನಿಗೆ ಹೋಗುತ್ತದೆ, ಬೆಳೆಸಿದವರ ಪಾಲು ಸೊನ್ನೆ. ಕ್ರಿಸ್ಟಿಯಾನೊ ರೊನಾಲ್ಡೊ 2022ರ ಕೊನೆಗೆ ಅಲ್ ನಸ್ರ್‌ಗೆ ಹೋದದ್ದು ಹೀಗೆಯೇ, ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗಿನ ಕರಾರು ಕಡಿದುಕೊಂಡ ಮೇಲೆ. ಬೆಂಜೆಮಾ 2023ರಲ್ಲಿ ಅಲ್ ಇತ್ತಿಹಾದ್‌ಗೆ ಹೋದದ್ದೂ ಹೀಗೆ. ಎಂಬಾಪೆ 2024ರಲ್ಲಿ ಪಿಎಸ್‌ಜಿಯಿಂದ ರಿಯಲ್ ಮ್ಯಾಡ್ರಿಡ್‌ಗೆ ಹೋದದ್ದೂ ಹೀಗೆ. ಫುಟ್‌ಬಾಲ್ ಕಂಡ ಅತಿ ದೊಡ್ಡ ಕರಾರುಗಳಲ್ಲಿ ಇವು ಸೇರಿವೆ. ರೊನಾಲ್ಡೊ ಚೆಂಡು ಒದೆಯಲು ಕಲಿತ ಮದೇರಾ ದ್ವೀಪದ ಕ್ಲಬ್ಬುಗಳಿಗಾಗಲೀ ಎಂಬಾಪೆ ಆಡಿ ಬೆಳೆದ ಬೋಂದಿಯ ಕ್ಲಬ್ಬಿಗಾಗಲೀ ಈ ವರ್ಗಾವಣೆಗಳಿಂದ ಸಾಲಿಡಾರಿಟಿ ಹಣ ಹುಟ್ಟುವುದಿಲ್ಲ. ಸಹಿಯ ಬೋನಸ್ಸಿನ ಮೇಲೂ ಇದೇ ಶೇ. 5 ಹಾಕಬೇಕು. ಆಟಗಾರನ ಸ್ವಾತಂತ್ರ್ಯಕ್ಕೆ ಇದರಿಂದ ಏನೂ ಕುಂದು ಬಾರದು. ಆಟಗಾರರ ನೀತಿಯನ್ನು ಪ್ರಶ್ನಿಸುವವರು ಮೊದಲು ಕೇಳಬೇಕಾದ್ದು ಇದನ್ನು.

ಹೊರಡುವ ಹುಡುಗರ ಬಗ್ಗೆಯೂ ಒಂದಷ್ಟು ಹೇಳಬೇಕು, ಯಾಕೆಂದರೆ ಮೋಸ ಆಗುವುದು ಕೋಟಿಯ ಕರಾರಿನಲ್ಲಲ್ಲ, ಚಿಕ್ಕ ಕರಾರಿನಲ್ಲಿ. 18 ತುಂಬದವರನ್ನು ಬೇರೆ ದೇಶದ ಕ್ಲಬ್ ನೋಂದಾಯಿಸುವಂತಿಲ್ಲ. ತಂದೆ-ತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿಗೆ ಹೋಗಿ ನೆಲೆಸಿದ್ದರೆ ಅಂಥ ಕೆಲವು ವಿನಾಯಿತಿಗಳಿವೆ ಅಷ್ಟೇ. ಹದಿನಾರರ ಹುಡುಗನಿಗೆ ಸ್ಪೇನ್‌ನಲ್ಲಿ ಟ್ರಯಲ್ ಕೊಡಿಸುತ್ತೇನೆ, ಮುಂಗಡ ಕೊಡಿ ಅನ್ನುವವನ ಮಾತು ಅಲ್ಲಿಗೇ ಮುಗಿಸಿ. ಏಜೆಂಟ್‌ಗೆ ಫಿಫಾ ಪರವಾನಗಿ ಇದೆಯೋ ಇಲ್ಲವೋ ಫಿಫಾ ಜಾಲತಾಣದ ಪಟ್ಟಿಯಲ್ಲೇ ಹುಡುಕಬಹುದು. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಎಮಿಗ್ರೇಷನ್ ತಪಾಸಣೆ ಬೇಕಾದ ವರ್ಗದ್ದು. ಸೌದಿ, ಕತಾರ್, ಯುಎಇಗೆ ಕೆಲಸಕ್ಕೆ ಹೋಗಲು ಅವನಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಮಾಡಿಸೋಣ ಅಂದರೆ ಅದರ ಅರ್ಥ ಭಟ್ಕಳದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕರಾರಿನಲ್ಲಿ ಮೆಡಿಕಲ್ ಪಾಸಾದರೆ ಮಾತ್ರ, ವರ್ಕ್ ಪರ್ಮಿಟ್ ಸಿಕ್ಕರೆ ಮಾತ್ರ ಜಾರಿ ಎಂದು ಬರೆಯುವುದು ಫಿಫಾ ನಿಯಮಕ್ಕೆ ವಿರುದ್ಧ. ಆ ಪರೀಕ್ಷೆಗಳು ಸಹಿಗೆ ಮೊದಲೇ ಮುಗಿಯಬೇಕು. ಸಂಬಳ ಯಾವ ಕರೆನ್ಸಿಯಲ್ಲಿ, ತೆರಿಗೆ ಕಳೆದ ಮೇಲಿನದೋ ಮುಂಚಿನದೋ, ಗಾಯವಾದಾಗ ಚಿಕಿತ್ಸೆ ಯಾರ ಖರ್ಚು, ಇವು ಬಾಯಿಮಾತಲ್ಲಿ ಉಳಿಯಬಾರದು. ಕ್ಲಬ್ ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಗಡುವು ನೀಡಿ. ಆಗಲೂ ಪೂರ್ತಿ ಬಾಕಿ ಬರದಿದ್ದರೆ ಕರಾರು ಮುರಿಯಲು ಅದು ನ್ಯಾಯವಾದ ಕಾರಣ. ನೋಟಿಸ್ ಕೊಡದೆ ಸಿಟ್ಟಿನಲ್ಲಿ ವಿಮಾನ ಹತ್ತಿ ಬಂದರೆ ತಪ್ಪು ಆಟಗಾರನದ್ದೇ ಎಂದು ಕ್ಲಬ್ ವಾದಿಸುತ್ತದೆ. ಫಿಫಾದ ವ್ಯಾಜ್ಯ ವಿಭಾಗಕ್ಕೆ ದೂರು ಕೊಡಲು ಎರಡು ವರ್ಷದ ಮಿತಿ. ದೊಡ್ಡ ಕ್ಲಬ್ ಅಂತ ನಂಬಿ ಕೂರುವಂತಿಲ್ಲ: ಜಿಯಾಂಗ್ಸು ಸುನಿಂಗ್ 2020ರ ನವೆಂಬರ್‌ನಲ್ಲಿ ಚೀನಾ ಲೀಗ್ ಗೆದ್ದು 2021ರ ಫೆಬ್ರವರಿ ಕೊನೆಗೆ ಬಾಗಿಲು ಹಾಕಿತು.

ಕೊನೆಗೆ ನಮ್ಮ ಕ್ಲಬ್ಬುಗಳಿಗೆ. ಸಾಲಿಡಾರಿಟಿ ಹಣದ ಆಧಾರ ಪ್ಲೇಯರ್ ಪಾಸ್‌ಪೋರ್ಟ್ ಅನ್ನುವ ದಾಖಲೆ. ಅದರಲ್ಲಿ ಒಂದೊಂದು ಸಾಲಿಗೆ ಒಂದು ಕ್ಲಬ್: ಹೆಸರು, ನೋಂದಣಿಯಾದ ದಿನ, ಮುಗಿದ ದಿನ, ಹವ್ಯಾಸಿಯೋ ವೃತ್ತಿಪರನೋ. 2022ರ ನವೆಂಬರ್‌ನಿಂದ ಪ್ಯಾರಿಸ್‌ನಲ್ಲಿರುವ ಫಿಫಾ ಕ್ಲಿಯರಿಂಗ್ ಹೌಸ್ ಈ ದಾಖಲೆಯನ್ನೇ ನೋಡಿ ಹಣ ಹಂಚುತ್ತದೆ. ಕಾರವಾರದ ಸದಾಶಿವಗಡದಲ್ಲೋ ಕೋಡಿಬಾಗದಲ್ಲೋ ಹನ್ನೆರಡರ ಹುಡುಗ ನಾಲ್ಕು ವರ್ಷ ಆಡಿದ, ಆದರೆ ಕ್ಲಬ್ ಅವನನ್ನು ಎಲ್ಲೂ ನೋಂದಾಯಿಸಲಿಲ್ಲ, ಟೂರ್ನಮೆಂಟ್ ಪಟ್ಟಿಯಲ್ಲಿ ಕೈಬರಹದ ಹೆಸರು ಮಾತ್ರ. ಅವನು ಹದಿನಾರಕ್ಕೆ ಕಾಣಕೋಣ ದಾಟಿ ಗೋವಾ ಅಕಾಡೆಮಿ ಸೇರಿದ. ಅವನ ಪಾಸ್‌ಪೋರ್ಟಿನ ಮೊದಲ ಸಾಲು ಗೋವಾದ ಕ್ಲಬ್ಬಿನದ್ದು. ಆ ನಾಲ್ಕು ವರ್ಷ ಕಾಗದದ ಮೇಲೆ ನಡೆದೇ ಇಲ್ಲ.

ಹಾಗಾಗಿ ಕಾರ್ಯದರ್ಶಿಗಳೇ, ಕ್ಲಬ್ ಜಿಲ್ಲಾ ಮತ್ತು ರಾಜ್ಯ ಸಂಸ್ಥೆಗೆ ಸೇರಿದೆಯೇ, ಈ ವರ್ಷದ ಶುಲ್ಕ ಕಟ್ಟಿದ್ದೀರಾ ನೋಡಿ. ಸೇರಿರದ ಕ್ಲಬ್ಬಿನ ನೋಂದಣಿಗೆ ಬೆಲೆಯಿಲ್ಲ. ಹನ್ನೆರಡು ತುಂಬುವ ವರ್ಷದಲ್ಲೇ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಆನ್‌ಲೈನ್ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ಹುಡುಗನ ಹೆಸರು ಹಾಕಿಸಿ. ಜನನ ಪ್ರಮಾಣಪತ್ರ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರ ಒಂದೇ ಇರಲಿ. ನಮ್ಮ ಕಡೆ ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು ಸೇರಿ ಗೊಂದಲವಾಗುವುದೇ ಹೆಚ್ಚು. ಪ್ರತಿ ಸೀಸನ್ ನೋಂದಣಿ ನವೀಕರಿಸಿ. ಹುಡುಗ ಬೇರೆ ಕ್ಲಬ್ಬಿಗೆ ಹೋಗುವಾಗ ಅಧಿಕೃತ ವರ್ಗಾವಣೆ ಮಾಡಿಸಿಯೇ ಕಳಿಸಿ, ಸಿಸ್ಟಂನಲ್ಲಿ ಬಂದ ದೃಢೀಕರಣದ ಪ್ರಿಂಟ್ ಕಡತದಲ್ಲಿಡಿ. ಕಾರ್ಯದರ್ಶಿ ಬದಲಾದಾಗ ಲಾಗಿನ್, ಇಮೇಲ್, ಪಾಸ್‌ವರ್ಡ್ ಹೊಸಬರಿಗೆ ಬರೆದು ಕೊಡಿ. ಹತ್ತು ವರ್ಷದ ನಂತರ ನಿಮ್ಮ ಹುಡುಗನ ವರ್ಗಾವಣೆಯ ಬಗ್ಗೆ ಪತ್ರ ಬರುವುದು ಆ ಇಮೇಲ್‌ಗೇ, ಉತ್ತರಿಸಲು ಆಗ ಸಿಗುವುದು ಕೆಲವೇ ದಿನ.