ಸಿ ಡ್ರೈವ್ ಮಾತ್ರವಂತೆ!

ಲ್ಯಾಪ್‌ಟಾಪ್ ರಿಪೇರಿಗೆ ಕೊಡುವಾಗ ‘ಡೇಟಾ ಮುಟ್ಟಬೇಡಪ್ಪ’ ಅಂತ ಮೂರು ಸಲ ಹೇಳಿದ್ದೆ. ಹುಡುಗ ಚೀಟಿ ಮೇಲೆ ಬರೆದೂ ಕೊಂಡ. ಸಂಜೆ ಹೋದರೆ, ‘ಹೊಸ ವಿಂಡೋಸ್ ಹಾಕಿದೀನಿ ಸಾರ್, ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್’ ಅಂತ ಹಲ್ಲು ಕಿರಿದ. ಡೆಸ್ಕ್‌ಟಾಪು, ಡೌನ್‌ಲೋಡ್ಸು ಎಲ್ಲಾ ಇರೋದೇ ಅಲ್ಲಿ ಮಾರಾಯ! ಅಜ್ಜಿಯ ಕೊನೇ ದೀಪಾವಳಿ ಫೋಟೋಗಳು ಡೆಸ್ಕ್‌ಟಾಪಿನ ‘ನ್ಯೂ ಫೋಲ್ಡರ್ 2’ ಒಳಗಿದ್ದವು. ಹಳೇ ಹಾರ್ಡ್‌ಡಿಸ್ಕ್ ಆಗಿದ್ದರೆ ಕೆದಕಿ ಒಂದಿಷ್ಟಾದರೂ ತೆಗೆಸಬಹುದಿತ್ತು. ಇದರಲ್ಲಿರೋದು ಚಿಪ್‌ನಲ್ಲಿ ಡೇಟಾ ಇಡೋ ಎಸ್‌ಎಸ್‌ಡಿ; ಅದರಲ್ಲಿ ಅಳಿಸಿದ ಜಾಗ ಗುಡಿಸೋ ‘ಟ್ರಿಮ್’ ಓಡಿದ ಮೇಲೆ ಅಳಿಸಿದ್ದು ಸಿಗೋದು ಬಲು ಕಷ್ಟ. ತಪ್ಪು ನಂದೂ ಇದೆ ಬಿಡಿ. ಬ್ಯಾಕಪ್‌ಗೆ ಅಂತ ಎಸ್.ಪಿ. ರೋಡಿಂದ ತಂದ 1 ಟಿಬಿ ಡಿಸ್ಕು ಎರಡು ವರ್ಷದಿಂದ ಬೀರುವಲ್ಲಿದೆ, ಕವರ್ ಕೂಡ ಬಿಚ್ಚಿಲ್ಲ. ಆದರೆ ಬಿಲ್ ನೋಡಿ: ‘ಡೇಟಾ ಬ್ಯಾಕಪ್ – 200 ರೂ.’