ಮೈಲಿ ಲೆಕ್ಕದ ಟಯರ್, ಮಳೆಗಾಲ ಲೆಕ್ಕದ ಟಯರ್

ಸುಳ್ಯದ ನಮ್ಮ ಮನೆಯಲ್ಲಿ ಜೀಪಿನ ಟಯರಿನ ಮಾತು ಏಳುತ್ತಿದ್ದುದು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಬರುವ ತುಳುವರ ಪತ್ತನಾಜೆಯ ಹೊತ್ತಿಗೆ. ಪುತ್ತೂರಿನ ಟಯರ್ ಅಂಗಡಿಯವರು ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು, ಗೀರಿನೊಳಗೆ ಹೆಬ್ಬೆರಳಿನ ಉಗುರು ಇಳಿಸಿ, ಪಕ್ಕೆಯನ್ನೊಮ್ಮೆ ಒತ್ತಿ ನೋಡಿ ಹೇಳುತ್ತಿದ್ದರು: “ಮುಂದಿನದ್ದು ಎರಡೂ ಈ ಮಳೆಗಾಲ ದಾಟ್ಲಿಕ್ಕಿಲ್ಲ ಮಾರಾಯ್ರೇ. ಹಿಂದಿನದ್ದು ಬೇಕಾದ್ರೆ ಇನ್ನೊಂದು ಮಳೆಗಾಲ ಹೋದೀತು.” ಅಪ್ಪ ಎದುರು ಮಾತಾಡದೆ ಮುಂದಿನದ್ದಕ್ಕೆ ಹೊಸ ಟಯರ್ ಹಾಕಿಸುತ್ತಿದ್ದರು. ಎಷ್ಟು ಕಿಲೋಮೀಟರ್ ಬರುತ್ತದೆ ಎಂದು ಯಾರೂ ಕೇಳಿದ್ದು ನೆನಪಿಲ್ಲ. ಜೀಪಿನ ಮೀಟರ್ ಹೇಗೂ ಓಡುತ್ತಿರಲಿಲ್ಲ.

ಈಗ ನಾನಿರುವುದು ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ. ಇಲ್ಲಿ ಟಯರನ್ನು ಮುಟ್ಟಿ ನೋಡುವ ಕ್ರಮವೇ ಇಲ್ಲ. ಟಯರ್ ಅಂದರೆ ಮೊದಲು ಅಂಕಿ. 60,000 ಮೈಲಿ ವಾರಂಟಿಯೋ, 80,000 ಮೈಲಿಯದ್ದೋ? ಪರದೆಯ ಮೇಲೆ ನಾಲ್ಕು ಹೆಸರು ಪಕ್ಕಪಕ್ಕ ಇಟ್ಟು, ಮೈಲಿಗೆ ಎಷ್ಟು ಸೆಂಟ್ ಬಿತ್ತು ಎಂದು ಭಾಗಿಸಿ, ಕಡಿಮೆ ಬಂದದ್ದನ್ನು ಒತ್ತಿದರೆ ಆಯಿತು. ನಮ್ಮವರಿಗೆ ಈ ಲೆಕ್ಕ ಬಹಳ ಹಿಡಿಸುತ್ತದೆ. ಮೈಲೇಜ್ ಕೇಳದೆ ಬೈಕು ಕೊಳ್ಳದ ಊರಿನಿಂದ ಬಂದವರಲ್ಲವೇ ನಾವು!

ನನಗೂ ಹಿಡಿಸಿತ್ತು. ಮೂರು ವರ್ಷದ ಹಿಂದೆ 2003ರ ಮಾಡೆಲ್ಲಿನ ಮಾಜ್ದಾ ಮಿಯಾಟಾ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಎರಡೇ ಸೀಟು, ಮಡಚುವ ಮಾಡು, ಒಂದು ಟನ್ನಿಗೆ ಸ್ವಲ್ಪವೇ ಹೆಚ್ಚಿನ ತೂಕ. ನಾಲ್ಕು ಜನರ ಮನೆಗೆ ಎರಡು ಸೀಟಿನ ಕಾರು ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ. ಕಾರಿನೊಂದಿಗೆ ಬಂದ ಟಯರುಗಳು ಒಣಗಿದ ಹಪ್ಪಳದ ಹಾಗೆ ಬಿರುಕು ಬಿಟ್ಟಿದ್ದವು. ಕಾರಿಗೇ ಸಾಕಷ್ಟು ಸುರಿದಾಗಿತ್ತು, ಟಯರಿಗೆ ಉಳಿದದ್ದು 500 ಡಾಲರ್. ಹಾಗಾಗಿ ಮೈಲಿ ಲೆಕ್ಕ ಹಾಕಿ, ಟ್ರೆಡ್‌ವೇರ್ (ಸವೆತದ ಅಂಕಿ, ಹೆಚ್ಚಿದ್ದಷ್ಟೂ ಸವೆಯುವುದು ನಿಧಾನ) 600 ಎಂದು ಬರೆದಿದ್ದ, ವರ್ಷಪೂರ್ತಿ ಓಡಿಸುವ ‘ಆಲ್ ಸೀಸನ್’ ಟಯರ್ ನಾಲ್ಕು ಹಾಕಿಸಿದೆ. ಬುದ್ಧಿವಂತಿಕೆ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಸೆಪ್ಟೆಂಬರಿನ ಒಂದು ಸಂಜೆ, ಮಳೆ ಬಿದ್ದು ಹತ್ತು ನಿಮಿಷ ಆಗಿತ್ತಷ್ಟೆ. ಹೆದ್ದಾರಿಯಿಂದ ಇಳಿಯುವ ಸುತ್ತುದಾರಿಯಲ್ಲಿ ಕಾರಿನ ಹಿಂಭಾಗ ನನ್ನನ್ನು ಕೇಳದೆ ಮುಂದಕ್ಕೆ ಬಂತು. ಸ್ಟೀರಿಂಗ್ ತಿರುಗಿಸಿದ್ದು ನೆನಪಿದೆ. ಆಮೇಲೆ ನೋಡಿದರೆ ನಾನು ಹುಲ್ಲಿನ ಮೇಲೆ, ಬಂದ ದಾರಿಗೇ ಮುಖ ಮಾಡಿ ಕೂತಿದ್ದೆ. ವೇಗ 35 ಮೈಲಿಯೂ ಇರಲಿಲ್ಲ. ಚಾರ್ಮಾಡಿಯ ಆಷಾಢದ ಮಳೆಯಲ್ಲಿ ಅಂಬಾಸಿಡರ್ ಇಳಿಸಿದವನು ಎಂದು ಕೊಚ್ಚಿಕೊಳ್ಳುತ್ತಿದ್ದ ನನಗೆ, ಶಾರ್ಲಟ್‌ನ ಹತ್ತು ನಿಮಿಷದ ಮಳೆ ಸಾಕಾಯಿತು.

ಆ ರಾತ್ರಿ ಕೂತು ಇನ್ನೊಂದು ಭಾಗಾಕಾರ ಮಾಡಿದೆ. ಆಫೀಸಿಗೆ ಹೋಗಲು ಬೇರೆ ಕಾರಿದೆ. ಈ ಮಿಯಾಟಾ ಓಡುವುದು ವರ್ಷಕ್ಕೆ 4,000 ಮೈಲಿ. 60,000 ಮೈಲಿಯ ಟಯರ್ ಸವೆಯಲು 15 ವರ್ಷ ಬೇಕು. ಆದರೆ ರಬ್ಬರ್ ಅಷ್ಟು ಕಾಲ ರಬ್ಬರಾಗಿ ಉಳಿಯುವುದಿಲ್ಲ. ಬಿಸಿಲು, ಗಾಳಿಯ ಓಝೋನ್, ಸುಮ್ಮನೆ ನಿಲ್ಲುವುದು ಇವೆಲ್ಲ ಸೇರಿ ಅದನ್ನು ಗಡುಸು ಮಾಡುತ್ತವೆ. ಐದು ವರ್ಷ ಕಳೆದ ಮೇಲೆ ವರ್ಷವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ಗೀರು ಎಷ್ಟೇ ಇದ್ದರೂ ಎಸೆಯಿರಿ ಎಂದು ಮಿಶೆಲಿನ್, ಕಾಂಟಿನೆಂಟಲ್‌ನಂಥ ಕಂಪನಿಗಳೇ ಹೇಳುತ್ತವೆ. ಕೆಲವು ಕಾರು ಕಂಪನಿಗಳು ಆರಕ್ಕೇ ಸಾಕು ಅನ್ನುತ್ತವೆ. ಅಂದರೆ ನಾನು ಎಂದೂ ಓಡಿಸದ ಮೈಲಿಗಳಿಗೆ ದುಡ್ಡು ಕೊಟ್ಟಿದ್ದೆ. ದುಡ್ಡಷ್ಟೇ ಹೋದದ್ದಲ್ಲ, ಆ ಮೈಲಿಗಳಿಗಾಗಿ ಹಿಡಿತವನ್ನೂ ಬಿಟ್ಟುಕೊಟ್ಟಿದ್ದೆ. ಬೇಗ ಸವೆಯದ ರಬ್ಬರ್ ಸಾಮಾನ್ಯವಾಗಿ ರಸ್ತೆಗೆ ಅಂಟಿಕೊಳ್ಳುವುದೂ ಕಡಿಮೆ.

ಪುತ್ತೂರಿನ ಹೆಬ್ಬೆರಳು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿತ್ತು. ಎಷ್ಟು ಮೈಲಿ ಅಂತಲ್ಲ, ಎಷ್ಟು ಮಳೆಗಾಲ ಅಂತ. ಕಡಿಮೆ ಓಡುವ, ಜೋರು ತಿರುಗುವ ಕಾರಿಗೆ ಟಯರ್ ಆರಿಸುವಾಗ ಕೈಯಲ್ಲಿ ಕಾಸು ಕಡಿಮೆಯಿದ್ದಷ್ಟೂ ಈ ಪ್ರಶ್ನೆಯೇ ಮುಖ್ಯ ಎಂಬುದು ನನ್ನ ವಾದ. ಐದಾರು ಮಳೆಗಾಲಕ್ಕೆ ಬೇಕಾದಷ್ಟೇ ಆಯುಷ್ಯ ಕೊಂಡು, ಮಿಕ್ಕದ್ದನ್ನೆಲ್ಲ ಹಿಡಿತಕ್ಕೆ ಸುರಿಯಬೇಕು. ಬೆಚ್ಚಗಿನ ಹವೆಗೆಂದೇ ಮಾಡಿದ ಬೇಸಿಗೆಯ ಟಯರುಗಳಲ್ಲಿ 30,000 ಮೈಲಿ ವಾರಂಟಿ ಇರುವಂಥವು ಸಿಗುತ್ತವೆ. ನನ್ನ ಓಟಕ್ಕೆ ಅದೇ ಏಳು ವರ್ಷ!

ಟ್ರೆಡ್‌ವೇರ್ ಅಂಕಿಯ ಬಗ್ಗೆ ಇಲ್ಲಿ ಬಹಳ ಭಕ್ತಿ. ಅದು ಹುಟ್ಟುವುದು ಟೆಕ್ಸಾಸಿನ ಸ್ಯಾನ್ ಏಂಜೆಲೊ ಸುತ್ತಲಿನ 400 ಮೈಲಿಯ ನಿಗದಿತ ದಾರಿಯಲ್ಲಿ. ಟಯರನ್ನು ಅಲ್ಲಿ 7,200 ಮೈಲಿ ಓಡಿಸಿ, ಸವೆತವನ್ನು ಒಂದು ಮಾದರಿ ಟಯರಿನೊಂದಿಗೆ ಹೋಲಿಸುತ್ತಾರೆ. ಮಾದರಿಗೆ 100 ಅಂಕ. ಆದರೆ ಕೊನೆಗೆ ಟಯರಿನ ಮೇಲೆ ಅಚ್ಚಾಗುವ ಅಂಕಿಯನ್ನು ಕೊಡುವುದು ಕಂಪನಿಯೇ. ತಮ್ಮ ಮಕ್ಕಳಿಗೆ ತಾವೇ ಮಾರ್ಕು ಹಾಕಿದ ಹಾಗೆ. ಆದ್ದರಿಂದ ಒಂದೇ ಕಂಪನಿಯ ಎರಡು ಟಯರುಗಳ ನಡುವೆ ಅದು ಉಪಯೋಗಕ್ಕೆ ಬರುತ್ತದೆ, ಎರಡು ಕಂಪನಿಗಳ ನಡುವೆ ಅಷ್ಟಕ್ಕಷ್ಟೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟು ನಡೆಸುವ ಆಟೋಕ್ರಾಸ್‌ನ ಹಲವು ವರ್ಗಗಳಲ್ಲಿ ಕನಿಷ್ಠ 200 ಇರಬೇಕೆಂದು ನಿಯಮವಿದೆ. ಹಾಗಾಗಿ ಸರಿಯಾಗಿ 200 ಎಂದು ಬರೆದುಕೊಂಡ ಮೆದು ಟಯರುಗಳ ಒಂದು ಜಾತಿಯೇ ಹುಟ್ಟಿಕೊಂಡಿದೆ.

ಆ 200ರ ಜಾತಿಗೆ ಹೋಗುವ ಆಸೆ ನನಗೂ ಆಗಿತ್ತು. ಆದರೆ ಅವುಗಳಲ್ಲಿ ಹೆಚ್ಚಿನವು ಬಿಸಿಯಾದ ಮೇಲೆಯೇ ಪೂರ್ತಿ ಹಿಡಿಯುವಂಥವು. ಮಿಯಾಟಾದಂಥ ಹಗುರ ಕಾರು ಮಾಮೂಲು ರಸ್ತೆಯಲ್ಲಿ ಅವನ್ನು ಬಿಸಿ ಮಾಡುವಷ್ಟರಲ್ಲಿ ಮನೆ ಬಂದಿರುತ್ತದೆ. ಹಿಡಿತದಲ್ಲಿ ಅದಕ್ಕೊಂದು ಮೆಟ್ಟಿಲು ಕೆಳಗೆ, 300ರಿಂದ 350ರ ಆಸುಪಾಸಿನ ಬೇಸಿಗೆ ಟಯರುಗಳಿವೆ. ತಣ್ಣಗಿದ್ದಾಗಲೂ, ನೀರಿನಲ್ಲೂ ಮರ್ಯಾದೆ ಉಳಿಸುವವು. ಮಳೆ ಬರುವ ಊರಿನಲ್ಲಿ, ಬಡವನ ಸ್ಪೋರ್ಟ್ಸ್ ಕಾರಿಗೆ ನನ್ನ ಪ್ರಕಾರ ಇದೇ ಜಾಗ. ಒಂದೇ ಶರತ್ತು: ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟಯರಿನ ರಬ್ಬರ್ ಬಿಗಿಯುತ್ತದೆ. ಜನವರಿಯ ಬೆಳಿಗ್ಗೆ ನನ್ನ ಕಾರು ಗ್ಯಾರೇಜಿನಲ್ಲೇ ಮಲಗಿರುತ್ತದೆ. ವರ್ಷಪೂರ್ತಿ ಓಡಿಸಲೇಬೇಕಾದವರ ಲೆಕ್ಕ ಬೇರೆ.

ಹಾಗಾದರೆ ಕಾಸು ಉಳಿಸುವುದೆಲ್ಲಿ? ಮೊದಲನೆಯದು ಅಳತೆಯಲ್ಲಿ. ನನ್ನ ಕಾರಿನಲ್ಲಿದ್ದುದು 16 ಇಂಚಿನ ಚಕ್ರ, 205/45 ಆರ್ 16 ಟಯರ್. ಅಂದರೆ ಅಗಲ 205 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 45. ಹುಡುಕಿದರೆ ಆ ಅಳತೆಯಲ್ಲಿ ಆಯ್ಕೆಯೇ ಕಮ್ಮಿ. ಆದರೆ 15 ಇಂಚಿನ ಚಕ್ರಕ್ಕೆ 205/50 ಹಾಕಿದರೆ ಟಯರಿನ ಒಟ್ಟು ಎತ್ತರ 591 ಮಿಲಿಮೀಟರಿನ ಬದಲು 586 ಆಗುತ್ತದೆ, ನೂರಕ್ಕೆ ಒಂದಂಶವೂ ವ್ಯತ್ಯಾಸವಿಲ್ಲ. ಹಳೇ ಮಿಯಾಟಾ ಓಡಿಸುವವರೆಲ್ಲ ಈ 15 ಇಂಚಿಗೇ ಜೋತುಬಿದ್ದಿರುವುದರಿಂದ ಆಯ್ಕೆ ಧಾರಾಳ, ಬೆಲೆಯೂ ಕಡಿಮೆ. ಇನ್ನೊಬ್ಬ ಮಿಯಾಟಾ ಮರುಳನಿಂದ ಹಳೆಯ 15 ಇಂಚಿನ ಚಕ್ರ ನಾಲ್ಕು ಕೊಂಡು, ಬ್ರೇಕಿಗೆ ತಾಗುವುದಿಲ್ಲ ಎಂದು ನೋಡಿಕೊಂಡು, ನನ್ನ 16 ಇಂಚಿನವನ್ನು ಮಾರಿದೆ. ಕೈಯಿಂದ ಹೋದದ್ದು ಅಷ್ಟಕ್ಕಷ್ಟೆ.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದನ್ನು ಕೇಳಿ ನಕ್ಕ. “ಎಲ್ಲರೂ ದೊಡ್ಡ ಅಲಾಯ್ ಹಾಕಿಸ್ತಾರೆ, ನೀನೊಬ್ಬ ಸಣ್ಣದು ಹಾಕಿಸಿದ್ಯಲ್ಲ ಅಣ್ಣ!” ಅವನು ತನ್ನ ಪೋಲೊಗೆ ಜೆ.ಸಿ. ರೋಡಿನಲ್ಲಿ ದೊಡ್ಡ ಚಕ್ರ, ತೆಳು ಪಕ್ಕೆಯ ಟಯರ್ ಹಾಕಿಸಿದವನು. ಎರಡೇ ತಿಂಗಳಲ್ಲಿ ಒಂದು ಗುಂಡಿ ಟಯರಿನ ಪಕ್ಕೆಗೆ ಗುಳ್ಳೆ ಎಬ್ಬಿಸಿತು. ನಮ್ಮ ಕಡೆ ಟಯರ್ ಸವೆದು ಸಾಯುವುದಕ್ಕಿಂತ ಗುಂಡಿಗೆ ಬಿದ್ದು ಸಾಯುವುದು ಹೆಚ್ಚು. ಅಲ್ಲಿ ಸಣ್ಣ ಚಕ್ರ, ದಪ್ಪ ಪಕ್ಕೆ ಎಂಬ ಮಾತಿಗೆ ಇಲ್ಲಿಗಿಂತ ಎರಡು ಪಟ್ಟು ಬೆಲೆ ಬರಬೇಕಿತ್ತು. ಆದರೆ ಅಂಗಡಿಯಲ್ಲಿ ಅದನ್ನು ಹೇಳುವವರು ಯಾರು?

ಎರಡನೆಯದು ಹೆಸರಿನಲ್ಲಿ, ಅಂದರೆ ದೊಡ್ಡ ಕಂಪನಿಗಳ ಕೈಯಲ್ಲಿರುವ ಎರಡನೇ ಹೆಸರುಗಳಲ್ಲಿ. ಫೈರ್‌ಸ್ಟೋನ್ 1988ರಿಂದ ಬ್ರಿಜ್‌ಸ್ಟೋನಿನ ಕೈಯಲ್ಲಿದೆ, ಜನರಲ್ ಟಯರ್ 1987ರಿಂದ ಕಾಂಟಿನೆಂಟಲ್‌ನದ್ದು, ಬಿಎಫ್‌ಗುಡ್‌ರಿಚ್ ಮಿಶೆಲಿನ್‌ನದ್ದು. ಯುರೋಪಿನ ವ್ರೆಡೆಸ್ಟೈನನ್ನು 2009ರಲ್ಲಿ ಕೊಂಡವರು ನಮ್ಮ ಅಪೊಲೊದವರು. ಮೈಸೂರಿನ ವಿಕ್ರಾಂತ್ ಜೆಕೆಯವರ ಪಾಲಾದದ್ದನ್ನು ನೋಡಿದ ನಮಗೆ ಇದೇನೂ ಹೊಸತಲ್ಲ. ಹೋಟೆಲಿನ ಎಸಿ ಕೋಣೆಗೂ ಹೊರಗಿನ ಕೋಣೆಗೂ ದೋಸೆ ಬರುವುದು ಒಂದೇ ಅಡುಗೆಮನೆಯಿಂದ. ಹೊರಗಿನದ್ದಕ್ಕೆ ಹಿಟ್ಟು ನಿನ್ನೆಯದ್ದು ಇರಬಹುದು, ಅಷ್ಟೆ. ನಿನ್ನೆಯ ಹಿಟ್ಟಿನ ದೋಸೆಗೂ ಅದರದೇ ರುಚಿ ಇದೆ. ನಾನು ಕೊಂಡದ್ದು ಅಂಥದ್ದೇ ಒಂದು ಎರಡನೇ ಹೆಸರಿನ, 340 ಅಂಕಿಯ ಬೇಸಿಗೆ ಟಯರ್.

ಇನ್ನು ಸೆಕೆಂಡ್ ಹ್ಯಾಂಡ್ ಟಯರು. ನಮ್ಮೂರ ಹೆದ್ದಾರಿಯ ಪಂಕ್ಚರ್ ಅಂಗಡಿಗಳಂತೆ ಇಲ್ಲಿಯೂ ಊರ ಹೊರವಲಯದಲ್ಲಿ ‘ಯಾಂತಾಸ್’ (ಟಯರುಗಳು) ಎಂದು ಸ್ಪ್ಯಾನಿಷ್ ಬೋರ್ಡು ತೂಗಿಸಿದ ಅಂಗಡಿಗಳಿವೆ. ಅಲ್ಲಿ ಮಾತ್ರ ನನಗೆ ಊರಿಗೆ ಬಂದ ಹಾಗಾಗುತ್ತದೆ. ನೀರಿನ ತೊಟ್ಟಿಯಲ್ಲಿ ಟಯರ್ ಮುಳುಗಿಸಿ ಗುಳುಗುಳು ನೋಡುವುದು, ಚೌಕಾಸಿ, ಉಗುರಿನ ಪರೀಕ್ಷೆ ಎಲ್ಲ ಉಂಟು. ಅವರಲ್ಲಿ ಪಂಕ್ಚರ್ ಹಾಕಿಸುತ್ತೇನೆ, ಮಿಯಾಟಾಕ್ಕೆ ಟಯರ್ ಕೊಳ್ಳುವುದಿಲ್ಲ. ಯಾರ ಕೈಯಲ್ಲಿ ಗಾಳಿಯಿಲ್ಲದೆ ಓಡಿತ್ತೋ, ಒಳಗಿನ ದಾರ ಎಲ್ಲಿ ತುಂಡಾಗಿದೆಯೋ, ಮೇಲಿನಿಂದ ಕಾಣುವುದಿಲ್ಲ. ಹೊಸದಾದರೂ ಪಕ್ಕೆಯ ಮೇಲೆ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದದೆ ಹಾಕಿಸಬಾರದು. 1824 ಎಂದಿದ್ದರೆ 2024ರ 18ನೇ ವಾರದ ಸರಕು. ಮೊದಲ ಸಲ ನನಗೆ ಒಂದು ಅಂಗಡಿಯವರು ‘ಹೊಸದು’ ಎಂದು ಕೊಟ್ಟದ್ದು ಮೂರು ವರ್ಷ ಗೋದಾಮಿನಲ್ಲಿ ಕೂತಿದ್ದ ಮಾಲು. ಮಳೆಗಾಲದ ಲೆಕ್ಕದಲ್ಲಿ ಅರ್ಧ ಆಯುಷ್ಯ ಅಲ್ಲೇ ಮುಗಿದಿತ್ತು.

ಇಲ್ಲಿಯವರ ಒಂದು ಕ್ರಮವನ್ನು ಮಾತ್ರ ನಾವು ಕಣ್ಣು ಮುಚ್ಚಿ ಕಲಿಯಬೇಕು. ಎರಡೇ ಹೊಸ ಟಯರ್ ಹಾಕಿಸಿದರೆ ಅವನ್ನು ಹಿಂದಕ್ಕೇ ಹಾಕುತ್ತಾರೆ. ಅಪ್ಪ, ಪುತ್ತೂರಿನವರು, ಬೆಂಗಳೂರಿನ ತಮ್ಮ, ಎಲ್ಲರೂ ಮುಂದಕ್ಕೆ ಹಾಕಿಸುವವರು: “ಸ್ಟೀರಿಂಗ್ ಇರುವುದು ಮುಂದೆ ಅಲ್ವಾ?” ಹೌದು. ಆದರೆ ನೀರಿನಲ್ಲಿ ಮುಂದಿನದ್ದು ಜಾರಿದರೆ ಕಾಲು ಎತ್ತಿ ಸುಧಾರಿಸಿಕೊಳ್ಳಬಹುದು. ಹಿಂದಿನದ್ದು ಜಾರಿದರೆ ಏನಾಗುತ್ತದೆ ಎಂದು ಆ ಹುಲ್ಲಿನ ಮೇಲೆ ಕೂತು ನೋಡಿದ್ದೇನೆ. ಈ ಒಂದು ವಿಷಯದಲ್ಲಿ ಹೆಬ್ಬೆರಳಿಗೆ ತಪ್ಪಿತ್ತು. ಇಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಮಿಯಾಟಾದಂಥ ಕಾರಿಗಂತೂ ನಾಲ್ಕನ್ನೂ ಒಟ್ಟಿಗೇ ಬದಲಿಸುವುದು ಲೇಸು.

ಕಾನೂನಿನ ಗೆರೆ ಎರಡೂ ಕಡೆ ಒಂದೇ. ಇಲ್ಲಿನ ವರ್ಷದ ತಪಾಸಣೆಯಲ್ಲಿ 2/32 ಇಂಚು, ನಮ್ಮಲ್ಲಿ 1.6 ಮಿಲಿಮೀಟರ್, ಎರಡೂ ಒಂದೇ ಅಳತೆ. ಲಿಂಕನ್ನರ ತಲೆಯಿರುವ ಒಂದು ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಗೀರಿಗೆ ತೂರಿಸಿ ನೋಡುವುದು ಇಲ್ಲಿನ ಮನೆಮದ್ದು. ತಲೆಯ ತುದಿ ಪೂರ್ತಿ ಕಂಡರೆ ಟಯರ್ ಮುಗಿದಂತೆ. ಮಳೆಗೆ ಅಷ್ಟು ಸಾಲದು. ವಾಷಿಂಗ್ಟನ್ನರ ತಲೆಯಿರುವ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಹಾಕಿ ನೋಡಿದರೆ ಅದರ ಇಮ್ಮಡಿ ಆಳ ಸಿಗುತ್ತದೆ, ನಾನು ನಂಬುವುದು ಅದನ್ನು.

ಗಾಳಿಯ ವಿಷಯದಲ್ಲಿ ಸುಳ್ಯಕ್ಕೂ ಶಾರ್ಲಟ್‌ಗೂ ಭೇದವೇ ಇಲ್ಲ. ಯಾವ ಕಾರು ಬಂದರೂ ಎರಡೂ ಕಡೆಯವರು ಕೇಳದೆ 35 ಪೌಂಡ್ ಒತ್ತಡಕ್ಕೆ ತುಂಬಿಸುತ್ತಾರೆ. ನನ್ನ ಮಿಯಾಟಾದ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುವುದು 26. ಅಷ್ಟು ದುಡ್ಡು ಕೊಟ್ಟ ಟಯರನ್ನು ಫುಟ್‌ಬಾಲ್ ಮಾಡಿ ಕಳಿಸಿದ್ದರು. ಮನೆಗೆ ಬಂದು ಗೇಜು ಹಿಡಿದು ಇಳಿಸಿದೆ. ಹಾಗೆಯೇ ಅಲೈನ್‌ಮೆಂಟಿನ ದುಡ್ಡನ್ನು ಟಯರಿನ ದುಡ್ಡಿನಲ್ಲೇ ಎತ್ತಿಡಬೇಕು, ಇಲ್ಲದಿದ್ದರೆ ಒಳಗಿನ ಅಂಚು ಎರಡೇ ಮಳೆಗಾಲಕ್ಕೆ ತಿಂದುಹೋಗುತ್ತದೆ.

ಟಯರ್ ಹಾಕಿಸಿದ ವಾರವೇ ನಾಲ್ಕು ಗಂಟೆ ಪಶ್ಚಿಮಕ್ಕೆ ಹೋಗಿ ಡೀಲ್ಸ್ ಗ್ಯಾಪ್ ಹತ್ತಿಸಿದೆ. ಟೆನೆಸಿ ಗಡಿಯಲ್ಲಿ 11 ಮೈಲಿಗೆ 318 ತಿರುವು ಎಂದು ಹೆಸರಾದ ದಾರಿ. ಚಾರ್ಮಾಡಿಯಂತೆ ಎದುರಿಂದ ಲಾರಿಯ ಹಾರ್ನ್ ಇಲ್ಲ, ಮಂಗ ಇಲ್ಲ, ಉಳಿದಂತೆ ಅದೇ ಹಸಿರು, ಅದೇ ಮಂಜು. ಮಧ್ಯೆ ಮಳೆಯೂ ಬಂತು. ಕಾರು ಹೇಳಿದ ಕಡೆ ಹೋಯಿತು.

ರಾತ್ರಿ ಅಪ್ಪನಿಗೆ ಫೋನು ಮಾಡಿದೆ. ಅವರ ಮೊದಲ ಪ್ರಶ್ನೆ, “ನಮ್ಮ ರಬ್ಬರ್ ಉಂಟಾ ಅದ್ರಲ್ಲಿ?” ಗೆರಟೆಯಲ್ಲಿ ಹಾಲು ಹಿಡಿದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟು ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದವರು ಕೇಳಬೇಕಾದ ಪ್ರಶ್ನೆಯೇ. ಇಂಥ ಟಯರಿನಲ್ಲಿ ರಸ್ತೆಗೆ ತಾಗುವ ಭಾಗ ಬಹುಪಾಲು ಕೃತಕ ರಬ್ಬರ್ ಮತ್ತು ಸಿಲಿಕಾ, ಮರದ ರಬ್ಬರ್ ಹೆಚ್ಚು ಹೋಗುವುದು ಲಾರಿ ಟಯರಿಗೆ ಎಂದೆ. ಸ್ವಲ್ಪ ಬೇಸರವಾದ ಹಾಗೆ ಕಂಡಿತು.

“ಹಳೇ ಟಯರ್ ಎಂತ ಮಾಡಿದೆ?”

“ಅಂಗಡಿಯಲ್ಲೇ ಬಿಟ್ಟೆ. ಅದನ್ನು ವಿಲೇವಾರಿ ಮಾಡ್ಲಿಕ್ಕೆ ಅವರಿಗೇ ದುಡ್ಡು ಕೊಡ್ಬೇಕಪ್ಪ ಇಲ್ಲಿ. ಹೊಸ ಟಯರಿನ ಮೇಲೆ ಶೇಕಡಾ 2 ತೆರಿಗೆ ಬೇರೆ, ಅದಕ್ಕೇ ಅಂತ.”

ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನಮ್ಮ ತೋಟದಲ್ಲಿ ಕೆರೆಯ ದಡಕ್ಕೆ, ಮಕ್ಕಳ ಉಯ್ಯಾಲೆಗೆ, ಗೇಟಿನ ಪಕ್ಕದ ಹೂಗಿಡಕ್ಕೆ ಇರುವುದೆಲ್ಲ ಆ ಜೀಪಿನ ಟಯರುಗಳೇ.

“ದುಡ್ಡೂ ಕೊಟ್ಟು, ಟಯರೂ ಕೊಟ್ಟು ಬಂದಿಯಾ?” ಎಂದರು ಅಪ್ಪ.