ಪಾರ್ಕಿನ್ಸನ್ಸ್ ಇದ್ದವರ ಮೂಳೆನೂ ಸ್ವಲ್ಪ ನೋಡಿ

ಅಪ್ಪನಿಗೆ ಪಾರ್ಕಿನ್ಸನ್ಸ್, ಅಂದರೆ ಕೈ ನಡುಗಿ ಮೈ ಬಿಗಿದು ನಡಿಗೆ ನಿಧಾನವಾಗುವ ಕಾಯಿಲೆ. ಅವರನ್ನು ಊರಿಂದ ಇಲ್ಲಿ ನನ್ನ ಹತ್ತಿರ ಕರೆಸಿಕೊಂಡ ಮೇಲೆ ಮೊದಲ ಸಲ ಪಾರ್ಕಿನ್ಸನ್ಸ್ ಇದ್ದವರನ್ನು ನೋಡಿಕೊಳ್ಳುವ ನರ್ಸ್ ಹತ್ತಿರ ಹೋದೆವು. ಅವರು ಕೈ ನಡುಕದ ಸುದ್ದಿಯನ್ನೇ ಎತ್ತಲಿಲ್ಲ. 'ಈಚೆಗೆ ಎಲ್ಲಾದರೂ ಬಿದ್ದಿದ್ದೀರಾ? ಎತ್ತರ ಕಮ್ಮಿ ಆದ ಹಾಗಿದೆಯಾ? ನಿಮ್ಮ ತಂದೆ ತಾಯಿ ಯಾರಿಗಾದರೂ ಸೊಂಟದ ಮೂಳೆ ಮುರಿದಿತ್ತಾ?' ಅಂತ ಕೇಳಿದರು. ಆಮೇಲೆ ಅಪ್ಪನ ಹಿಂದೆ ನಿಂತು, 'ಈಗ ಎಳೀತೀನಿ, ಬೀಳದ ಹಾಗೆ ನಿಲ್ಲಿ' ಅಂತ ಹೇಳಿ ಎರಡೂ ಭುಜ ಹಿಡಿದು ಥಟ್ಟನೆ ಎಳೆದರು. ಅಪ್ಪ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹಿಂದಕ್ಕೆ ಹೋಗುತ್ತಲೇ ಇದ್ದರು, ನರ್ಸ್ ಹಿಡಿದು ನಿಲ್ಲಿಸಬೇಕಾಯಿತು. ಹೊರಡುವಾಗ ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೂ ವಿಟಮಿನ್ ಡಿ ಪರೀಕ್ಷೆಗೂ ಚೀಟಿ ಬರೆದುಕೊಟ್ಟರು.

ಖುಷಿಯಾಯಿತು, ಹಿಂದೆಯೇ ಹೊಟ್ಟೆ ಉರಿಯಿತು. ಊರಲ್ಲಿ ಅಷ್ಟು ವರ್ಷ ತೋರಿಸಿದ್ದೇವೆ, ಮೂಳೆಯ ಮಾತನ್ನು ಒಬ್ಬರೂ ಆಡಿರಲಿಲ್ಲ. ಮನೆಗೆ ಯಾರೇ ಬರಲಿ, ನೋಡೋದು ಕೈಯನ್ನೇ. ಡಾಕ್ಟರೂ ಅಷ್ಟೇ, ನಡುಕ ನೋಡಿ ಮಾತ್ರೆ ಏರಿಸಿ ಇಳಿಸಿ ಕಳಿಸುತ್ತಿದ್ದರು. ಆಸ್ಟಿಯೊಪೊರೋಸಿಸ್, ಅದೇ ಮೂಳೆ ಟೊಳ್ಳಾಗೋದು, ಅಂದರೆ ಹೆಂಗಸರ ಕಾಯಿಲೆ ಅಂತಲೇ ನಮ್ಮಲ್ಲಿ ಲೆಕ್ಕ.

ಪಾರ್ಕಿನ್ಸನ್ಸ್ ಇದ್ದವರಿಗೆ, ಗಂಡಸರಿಗೂ ಸೇರಿ, ಮೂಳೆ ಮುರಿಯುವ ಸಾಧ್ಯತೆ ಅದೇ ವಯಸ್ಸಿನ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಓಡಾಟ ಕಮ್ಮಿ, ಬಿಸಿಲು ಕಮ್ಮಿ, ತೂಕ ಇಳಿಯುತ್ತೆ, ವಿಟಮಿನ್ ಡಿ ಸಾಲದು. ಇದರ ಮೇಲೆ ಬೀಳುವ ರೀತಿಯೂ ಬೇರೆ. ನಾವು ಎಡವಿದರೆ ಕೈ ಮುಂದೆ ಬರುತ್ತೆ, ಮಣಿಕಟ್ಟಿಗೆ ಪೆಟ್ಟಾಗುತ್ತೆ. ಇವರ ಕೈ ಸಮಯಕ್ಕೆ ಮುಂದೆ ಬರೋದಿಲ್ಲ. ತಿರುಗುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತೆ, ಪಕ್ಕಕ್ಕೋ ಹಿಂದಕ್ಕೋ ಬೀಳ್ತಾರೆ, ಪೂರ್ತಿ ಪೆಟ್ಟು ಸೊಂಟದ ಮೇಲೆ. ಹಾಗೆ ಮೂಳೆ ಮುರಿದು ಆಸ್ಪತ್ರೆ ಸೇರಿದ ಮೇಲೆ, ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಮೈ ಬಿಗಿದುಕೊಳ್ಳುತ್ತೆ. ವಾಂತಿಗೆ ಅಂತ ಮೆಟೊಕ್ಲೊಪ್ರಮೈಡ್ ಕೊಟ್ಟರಂತೂ ಇನ್ನೂ ಕಷ್ಟ.

ನನ್ನನ್ನು ಜಾಸ್ತಿ ಕಾಡೋದು ನಮ್ಮ ಮನೆಗಳ 'ನೀವು ಕೂತ್ಕೊಳ್ಳಿ' ಅನ್ನೋ ಮಾತು. ಅಪ್ಪ ನೀರಿಗೆ ಎದ್ದರೆ ಮೂರು ಜನ ಏಳ್ತಾರೆ. ಚಪ್ಪಲಿ ಹಾಕೋದು, ಬಾಗಿಲು ತೆಗೆಯೋದು, ಎಲ್ಲಾ ಬೇರೆಯವರೇ. ಅದು ಪ್ರೀತಿಯೇ, ಗೊತ್ತು. ಆದರೆ ಮೂಳೆಗೆ ಭಾರ ಬಿದ್ದರೆ ತಾನೇ ಗಟ್ಟಿ ಇರೋದು? ದಿನವಿಡೀ ಕುರ್ಚಿಯಲ್ಲಿ ಕೂತವರ ತೊಡೆ ಸೊರಗುತ್ತೆ, ಮೂಳೆ ಟೊಳ್ಳಾಗುತ್ತೆ, ಆಮೇಲೆ ಎದ್ದ ದಿನವೇ ಬೀಳ್ತಾರೆ. ಇಲ್ಲಿ ಫಿಸಿಯೋಥೆರಪಿಸ್ಟ್ ಅಪ್ಪನಿಗೆ ಕೈ ಊರದೆ ಕುರ್ಚಿಯಿಂದ ಏಳೋದನ್ನು ಹೇಳಿಕೊಟ್ಟರು. ಪಾದ ಹಿಂದಕ್ಕೆ, ಮೂಗು ಮುಂದಕ್ಕೆ, ಆಮೇಲೆ ಏಳಿ. ತಿರುಗುವಾಗ ಗಕ್ಕನೆ ತಿರುಗಬೇಡಿ, ಅಗಲವಾಗಿ ಸುತ್ತು ಹಾಕಿ. ನನಗೆ ಹೇಳಿದ್ದು ಒಂದೇ: ಪಕ್ಕದಲ್ಲಿ ನಿಲ್ಲಿ, ಅವರ ಕೆಲಸ ನೀವು ಮಾಡಬೇಡಿ. ಊರಿಗೆ ಫೋನ್ ಮಾಡಿ ಇದನ್ನು ಹೇಳಿದರೆ, 'ಪಾಪ, ಆ ವಯಸ್ಸಲ್ಲಿ ಯಾಕೆ ಗೋಳು ಹುಯ್ಕೋತೀಯ' ಅಂತಾರೆ. ಕೇಳಿ ಸಾಕಾಗಿದೆ.

ಸ್ಕ್ಯಾನ್‌ನಲ್ಲಿ ಮೂಳೆಯ ಗಟ್ಟಿತನಕ್ಕೆ ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೊಪೊರೋಸಿಸ್ ಅಂತ ಲೆಕ್ಕ. ಅಪ್ಪನದು ಅದಕ್ಕಿಂತ ಕೆಳಗಿತ್ತು. ಇದಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಇದೆ, ಆದರೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬಾ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ನುಂಗೋಕೇ ಕಷ್ಟಪಡೋರಿಗೆ ಅದು ಆಗಿಬರಲ್ಲ. ಅದಕ್ಕೇ ಕಿಡ್ನಿ, ವಿಟಮಿನ್ ಡಿ, ಹಲ್ಲು ಎಲ್ಲಾ ನೋಡಿ, ಮೂಳೆಗೇ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಅನ್ನೋ ಔಷಧಿ ಕೊಟ್ಟರು.

ಇಲ್ಲಿ ಎಲ್ಲಾ ಸರಿಯಿದೆ ಅಂತಲೂ ಅಲ್ಲ. ಮೂಳೆ ಮುರಿಯುವ ಅಪಾಯ ಲೆಕ್ಕ ಹಾಕೋಕೆ 2008ರಲ್ಲಿ ಬಂದ ಫ್ರಾಕ್ಸ್ ಅನ್ನೋ ಲೆಕ್ಕಾಚಾರದ ಪ್ರಶ್ನೆಗಳಲ್ಲಿ ಪಾರ್ಕಿನ್ಸನ್ಸ್‌ಗೂ ಜಾಗ ಇರಲಿಲ್ಲ, ಬಿದ್ದಿದ್ದಕ್ಕೂ ಇರಲಿಲ್ಲ. ಸ್ಕ್ಯಾನ್‌ಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಇನ್ನೊಂದು ಮಾತು, ಬರೆಯೋಕೆ ಮನಸ್ಸಿಲ್ಲ, ಆದರೂ ಬರೀತೀನಿ. ಇಲ್ಲಿ ನಮ್ಮ ಬೀದಿಯಲ್ಲೇ ಒಬ್ಬರು ಅಜ್ಜ ಇದ್ದಾರೆ, ಇದೇ ಕಾಯಿಲೆ, ಒಂಟಿ. ಬಚ್ಚಲಲ್ಲಿ ಬಿದ್ದು ಬೆಳಗಾಗೋವರೆಗೂ ಅಲ್ಲೇ ಬಿದ್ದಿದ್ದರು. ಸ್ಕ್ಯಾನ್, ಡ್ರಿಪ್, ವ್ಯಾಯಾಮ ಎಲ್ಲಾ ಆಗಿತ್ತು ಅವರಿಗೆ. ಎಬ್ಬಿಸೋಕೆ ಯಾರೂ ಇರಲಿಲ್ಲ. ಊರಿನ ನಮ್ಮ ಮನೆಯಲ್ಲಿ ಹಾಗಾಗಲು ಸಾಧ್ಯವೇ ಇಲ್ಲ. ಅಪ್ಪ ಕೆಮ್ಮಿದರೂ ಯಾರಾದರೂ ಬರ್ತಾರೆ. ಈಗ ಅವರು ಊರಿಗೆ ವಾಪಸ್ ಹೋಗಬೇಕು ಅಂತಿದ್ದಾರೆ. ನಾನು ಬೇಡ ಅನ್ನೋದಿಲ್ಲ. ಅಪ್ಪ ಕುರ್ಚಿಯಿಂದ ತಾವೇ ಏಳುವ ರೀತಿಯನ್ನು ವಿಡಿಯೊ ಮಾಡಿ ಮನೆಯವರಿಗೆ ಕಳಿಸಿದ್ದೇನೆ, ಮುಂದಿನ ಡ್ರಿಪ್ ಯಾವಾಗ ಅಂತಲೂ ಬರೆದುಕೊಟ್ಟಿದ್ದೇನೆ.